ಸದ್ದಡಗಿಸುವ ಸೂಪರ್‌ಸಾನಿಕ್ ವಿಮಾನ: ಗೋಡೆ ಮೇಲಿರುವ ನಲವತ್ತು ಚಿತ್ರಗಳಲ್ಲಿ ಯಾವುದನ್ನು ಆರಿಸಲಿ?

ಮುಗಿಲುಗಣ್ಣ:
ಎಲ್ಲರಿಗೂ ನಮಸ್ಕಾರ. ನಾನು ಏರೋನಾಟಿಕಲ್ ಕೊನೆಯ ವರ್ಷ ಓದುತ್ತಿದ್ದೇನೆ. ಶಬ್ದಕ್ಕಿಂತ ವೇಗವಾಗಿ ಹಾರಿದರೂ ಕೆಳಗಿನವರಿಗೆ ಗುಡುಗಿನಂಥ ಸದ್ದು ಕೇಳಿಸದ ವಿಮಾನ, ಅದೇ ನನ್ನ ಪ್ರಾಜೆಕ್ಟ್. ಎರಡು ವಾರದಿಂದ ಇಂಥ ವಿಮಾನಗಳ ಚಿತ್ರ ಹುಡುಕಿ ಪ್ರಿಂಟ್ ತೆಗೆದು ಹಾಸ್ಟೆಲ್ ರೂಮಿನ ಗೋಡೆಗೆ ಅಂಟಿಸಿದ್ದೇನೆ. ನಲವತ್ತು ಆಗಿವೆ. ಕೆಲವಕ್ಕೆ ಸೂಜಿಯಂಥ ಮೂತಿ. ಕೆಲವಕ್ಕೆ ಎಂಜಿನ್ ಬೆನ್ನ ಮೇಲೆ. ಒಂದಕ್ಕೆ ರೆಕ್ಕೆ ಮೇಲೆ ರೆಕ್ಕೆ. ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಇದರಲ್ಲಿ ಯಾವುದು ನಿಜವಾಗಿ ಸದ್ದು ಕಮ್ಮಿ ಮಾಡುತ್ತದೆ, ಯಾವುದು ಬರೀ ಚಿತ್ರ ಅಂತ ಹೇಗೆ ಗುರುತಿಸುವುದು?

ಈ ವಿಷಯ ಹಿಡಿಯಲು ಒಂದು ಕಾರಣ ಇದೆ. 2020ರ ಮೇ 20ರಂದು ಬೆಂಗಳೂರಿನಲ್ಲಿ ನಡುಮಧ್ಯಾಹ್ನ ದೊಡ್ಡ ಸದ್ದು ಬಂತಲ್ಲ, ಆಗ ನಾನು ವೈಟ್‌ಫೀಲ್ಡ್ ಕಡೆ ಅತ್ತೆ ಮನೆಯಲ್ಲಿದ್ದೆ. ಅಡುಗೆಮನೆಯ ಸ್ಟೀಲ್ ಸ್ಟ್ಯಾಂಡಿನಲ್ಲಿದ್ದ ತಟ್ಟೆಗಳು ಝಣಝಣ ಅಂದವು. ಊಟಕ್ಕೆ ಕೂತಿದ್ದ ಅಜ್ಜಿ ಕೈ ತೊಳೆಯದೆ ಹೊರಗೆ ಓಡಿಬಂದರು, ಭೂಕಂಪ ಅಂತ. ಆ ಮುಖ ನನಗಿನ್ನೂ ಕಣ್ಣಲ್ಲಿದೆ.

ಗಾಳಿಸುರಂಗ:
ತಮ್ಮಾ, ಒಳ್ಳೆ ವಿಷಯ ಹಿಡಿದಿದ್ದೀಯ. ನಾನು ಮೂವತ್ತು ವರ್ಷ ವಿಂಡ್ ಟನಲ್, ಅಂದರೆ ವಿಮಾನದ ಮಾದರಿಯ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸುವ ಸುರಂಗದ ಪಕ್ಕದಲ್ಲೇ ಕೆಲಸ ಮಾಡಿ ನಿವೃತ್ತನಾದವನು. ಗೋಡೆಯ ಚಿತ್ರ ಸ್ವಲ್ಪ ಹೊತ್ತು ಮರೆತುಬಿಡು. ಮೊದಲು ಅಜ್ಜಿಯ ತಟ್ಟೆ ಯಾಕೆ ಅಲುಗಾಡಿತು ಅಂತ ನೋಡೋಣ.

ಹಿಂದಿದ್ದ ಸೂಪರ್‌ಸಾನಿಕ್ ಪ್ರಯಾಣಿಕ ವಿಮಾನ ಕಾನ್‌ಕಾರ್ಡ್ 52,000 ಅಡಿ ಮೇಲೆ ಮ್ಯಾಕ್ 2ರಲ್ಲಿ, ಅಂದರೆ ಶಬ್ದದ ಎರಡು ಪಟ್ಟು ವೇಗದಲ್ಲಿ, ಹೋದರೆ ನೆಲದ ಮೇಲೆ ಒತ್ತಡ ಎಷ್ಟು ಏರುತ್ತಿತ್ತು ಗೊತ್ತಾ? ಸುಮಾರು 93 ಪಾಸ್ಕಲ್. ನಮ್ಮ ಸುತ್ತ ಇರುವ ಗಾಳಿಯ ಒತ್ತಡ ಒಂದು ಲಕ್ಷ ಪಾಸ್ಕಲ್ ಚಿಲ್ಲರೆ. ಅಂದರೆ ಸಾವಿರದಲ್ಲಿ ಒಂದು ಪಾಲೂ ಇಲ್ಲ. ನೀನು ಲಿಫ್ಟಿನಲ್ಲಿ ಎಂಟು ಮೀಟರ್ ಮೇಲೆ ಹೋದರೆ, ಎರಡೂವರೆ ಮಹಡಿ ಅಷ್ಟೇ, ಒತ್ತಡ ಅಷ್ಟೇ ಬದಲಾಗುತ್ತದೆ. ನಿನಗೆ ಗೊತ್ತೇ ಆಗುವುದಿಲ್ಲ. ಯಾಕೆಂದರೆ ಲಿಫ್ಟ್ ಅದಕ್ಕೆ ಹತ್ತು ಸೆಕೆಂಡ್ ತಗೊಳ್ಳುತ್ತದೆ. ಸಾನಿಕ್ ಬೂಮ್, ಅಂದರೆ ಇಂಥ ವಿಮಾನದ ಆ ಗುಡುಗಿನಂಥ ಸದ್ದು, ಅದನ್ನೇ ಕೆಲವು ಮಿಲಿಸೆಕೆಂಡಿನಲ್ಲಿ ಮುಗಿಸುತ್ತದೆ. ಬಾಗಿಲನ್ನು ಮೆಲ್ಲಗೆ ಮುಚ್ಚುವುದಕ್ಕೂ ಧಡಾರನೆ ಬಡಿಯುವುದಕ್ಕೂ ಇರುವ ವ್ಯತ್ಯಾಸ ಇದು. ಬಾಗಿಲು ಅದೇ, ಚೌಕಟ್ಟು ಅದೇ.

ಹಾಗಾಗಿ ನೀನು ಹುಡುಕಬೇಕಾದದ್ದು ಒತ್ತಡವನ್ನೇ ಹುಟ್ಟಿಸದ ವಿಮಾನ ಅಲ್ಲ. ಅಂಥದ್ದು ಇಲ್ಲ. ಗಾಳಿಯನ್ನು ಕೆಳಕ್ಕೆ ತಳ್ಳದೆ ವಿಮಾನ ಮೇಲೆ ನಿಲ್ಲುವುದಿಲ್ಲ. ಒತ್ತಡ ಏರುವುದಕ್ಕೆ ಸಮಯ ಕೊಡುವ ವಿಮಾನ ಬೇಕು.

ಈಗ ಆ ಸದ್ದು ಹೇಗೆ ಕಟ್ಟಿಕೊಳ್ಳುತ್ತದೆ ನೋಡು. ಮೂತಿಯಿಂದ ಒಂದು ಆಘಾತ ಅಲೆ (ಒತ್ತಡ ಒಮ್ಮೆಲೇ ಏರುವ ಅಲೆ, ಶಾಕ್ ವೇವ್), ಕಾಕ್‌ಪಿಟ್ ಗಾಜಿನಿಂದ ಒಂದು, ರೆಕ್ಕೆಯಿಂದ, ಎಂಜಿನ್ ಬಾಯಿಯಿಂದ, ಬಾಲದಿಂದ, ಹೀಗೆ ಬೇರೆಬೇರೆ ಹೊರಡುತ್ತವೆ. ಗಟ್ಟಿ ಅಲೆ ಮೆತ್ತಗಿನ ಅಲೆಗಿಂತ ಸ್ವಲ್ಪ ಬೇಗ ಓಡುತ್ತದೆ. ನೆಲ ಮುಟ್ಟಲು ಹತ್ತಾರು ಕಿಲೋಮೀಟರ್ ದಾರಿ. ಅಷ್ಟರಲ್ಲಿ ಹಿಂದಿನವು ಮುಂದಿನದನ್ನು ಹಿಡಿದು ಒಂದಾಗುತ್ತವೆ. ಮುಂದೆ ಒಂದು ಗುಂಪು, ಹಿಂದೆ ಒಂದು ಗುಂಪು. ಗ್ರಾಫ್ ಹಾಕಿದರೆ ಇಂಗ್ಲಿಷಿನ ಎನ್ ಅಕ್ಷರದ ಹಾಗೆ ಕಾಣುತ್ತದೆ. ಅದಕ್ಕೇ ಎನ್-ವೇವ್ ಅನ್ನುತ್ತಾರೆ. ಎರಡು ಕಡೆ ಕಡಿದಾದ ಗೋಡೆ, ಅದಕ್ಕೇ ಎರಡು ಸಲ ಢಮ್ ಢಮ್.

ಇನ್ನೊಂದು. ಶಬ್ದದ ವೇಗ ದಾಟುವ ಕ್ಷಣದಲ್ಲಿ ಮಾತ್ರ ಸದ್ದು ಬರುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಆ ವೇಗದಲ್ಲಿ ಇರುವಷ್ಟು ಹೊತ್ತೂ ವಿಮಾನ ತನ್ನ ಹಿಂದೆ ಸದ್ದಿನ ಜಮಖಾನೆ ಹಾಸುತ್ತಾ ಹೋಗುತ್ತದೆ. 50,000 ಅಡಿ ಮೇಲಿದ್ದರೆ ಆ ಜಮಖಾನೆಯ ಅಗಲ ಸುಮಾರು 80 ಕಿಲೋಮೀಟರ್.

ಹೊಸಕೋಟೆ ತೋಟ:
ಆ ದಿನ ನಾನು ತೋಟದಲ್ಲಿ ಟೊಮೆಟೊಗೆ ನೀರು ಬಿಡುತ್ತಿದ್ದೆ. ನನಗೆ ಕೇಳಿದ್ದು ಒಂದೇ ಸಲ, ಉದ್ದಕ್ಕೆ ಗುಡುಗಿದ ಹಾಗೆ. ಎರಡು ಸಲ ಬರಬೇಕಿತ್ತಲ್ವಾ ಸರ್? ವಿಮಾನ ಅಂತೂ ಕಣ್ಣಿಗೆ ಬೀಳಲಿಲ್ಲ.

ಗಾಳಿಸುರಂಗ:
ಫೈಟರ್ ಗಾತ್ರದ ವಿಮಾನವಾದರೆ ಎರಡರ ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗ ಅಷ್ಟೇ ಅಂತರ. ಕಿವಿಗೆ ಒಂದೇ ಅನ್ನಿಸುತ್ತದೆ. ದೂರದಿಂದ ಬಂದರೆ ಗಾಳಿಯಲ್ಲಿ ಕದಡಿ ಗುಡುಗಿನ ಹಾಗೆ ಎಳೆಯುತ್ತದೆ. ಅವತ್ತು ವಾಯುಪಡೆಯ ಪರೀಕ್ಷಾ ಹಾರಾಟ. ಊರಿನ ಹೊರಗೆ ಅದಕ್ಕೆಂದೇ ಕೊಟ್ಟ ಜಾಗದಲ್ಲಿ ಹಾರಿತ್ತು. 36,000ದಿಂದ 40,000 ಅಡಿ ನಡುವೆ ವೇಗ ಇಳಿಸುವಾಗ ಬಂದ ಸದ್ದು ಇರಬಹುದು ಅಂತ ರಕ್ಷಣಾ ಇಲಾಖೆ ಆ ಸಂಜೆಯೇ ಹೇಳಿತು. 65ರಿಂದ 80 ಕಿಲೋಮೀಟರ್ ದೂರ ಇದ್ದರೂ ಕೇಳಿಸಬಹುದು ಅಂತಲೂ ಹೇಳಿತು. ಅಷ್ಟು ದೂರದ್ದು ನಿಮ್ಮ ಕಣ್ಣಿಗೆ ಹೇಗೆ ಬಿದ್ದೀತು?

ವಿಚಿಟಾ ಕನ್ನಡಿಗ:
ಅಮೆರಿಕದ ವಿಚಿಟಾದಲ್ಲಿ ವಿಮಾನದ ವಿನ್ಯಾಸದ ಕೆಲಸದಲ್ಲಿದ್ದೇನೆ, ಹುಟ್ಟೂರು ಅರಸೀಕೆರೆ. ಗಾಳಿಸುರಂಗ ಸರ್ ಬುಡದಿಂದ ಹೇಳಿದ್ದಾರೆ. ನಾನು ಅಲ್ಲಿಂದ ಮುಂದುವರಿಸುತ್ತೇನೆ.

ಮುಗಿಲುಗಣ್ಣ, ಆಕಾರ ಆರಿಸುವವರು ಚಿತ್ರದಿಂದ ಶುರು ಮಾಡುವುದಿಲ್ಲ. ಹಿಂದಿನಿಂದ ಬರುತ್ತಾರೆ. ನೆಲದ ಮೇಲೆ ಎಂಥ ಸದ್ದು ಬೇಕು ಅಂತ ಮೊದಲು ಗೆರೆ ಎಳೆಯುತ್ತಾರೆ. ಕಡಿದಾದ ಗೋಡೆ ಬದಲು ಇಳಿಜಾರು. ಆ ಗೆರೆಯಿಂದ ವಿಮಾನದ ಹತ್ತಿರ ಒತ್ತಡ ಹೇಗಿರಬೇಕು ಅಂತ ಲೆಕ್ಕ. ಅದರಿಂದ, ಮೂತಿಯಿಂದ ಬಾಲದವರೆಗೆ ವಿಮಾನದ ದಪ್ಪ ಹೇಗೆ ಏರಬೇಕು ಅಂತ ಲೆಕ್ಕ. ಗಣಿತಜ್ಞ ವಿಟಮ್ 1952ರಲ್ಲಿ ಇದಕ್ಕೆ ಬೇಕಾದ ಗಣಿತ ಕೊಟ್ಟರು. ಸೀಬಾಸ್ ಮತ್ತು ಜಾರ್ಜ್ ಎಂಬ ಸಂಶೋಧಕರು 1970ರ ದಶಕದ ಶುರುವಿನಲ್ಲಿ ಅದನ್ನು ತಿರುವಿ ಹಾಕಿ, ಬೇಕಾದ ಸದ್ದಿನಿಂದ ಆಕಾರಕ್ಕೆ ಬರುವ ದಾರಿ ತೋರಿಸಿದರು. ನಾಸಾದ ಲ್ಯಾಂಗ್ಲಿ ಸಂಶೋಧನಾ ಕೇಂದ್ರದಲ್ಲಿ ಕ್ರಿಸ್ಟೀನ್ ಡಾರ್ಡೆನ್ ಅದನ್ನು ಕಂಪ್ಯೂಟರ್ ಪ್ರೋಗ್ರಾಂ ಮಾಡಿ ಬಳಸುವ ಹಾಗೆ ಮಾಡಿದರು. 1967ರಲ್ಲಿ ಲೆಕ್ಕ ಹಾಕುವ ಹುದ್ದೆಗೆ ಸೇರಿದವರು, ಸಾನಿಕ್ ಬೂಮ್ ವಿಷಯದಲ್ಲಿ ಜಗತ್ತಿನ ದೊಡ್ಡ ಹೆಸರಾದರು.

ಈ ದಪ್ಪ ಅನ್ನುವ ಮಾತು ಹುಷಾರಾಗಿ ಕೇಳಿಸಿಕೊಳ್ಳಿ. ವಿಮಾನವನ್ನು ನೇರ ಅಡ್ಡಕ್ಕೆ ಕೊಯ್ದರೆ ಬರುವ ದಪ್ಪ ಅಲ್ಲ. ಓರೆಯಾಗಿ ಕೊಯ್ಯಬೇಕು. ಆಘಾತ ಅಲೆ ಬಾಗುವ ಕೋನದಲ್ಲಿ. ಮ್ಯಾಕ್ 1.4ಕ್ಕೆ ಹೆಚ್ಚುಕಮ್ಮಿ 45 ಡಿಗ್ರಿ. ಮ್ಯಾಕ್ 2ಕ್ಕೆ 30 ಡಿಗ್ರಿ. ಹುಳಿಗೆ ಮೂಲಂಗಿ ಹೆಚ್ಚುವಾಗ ಕೆಲವರು ಓರೆಯಾಗಿ ಹೆಚ್ಚುತ್ತಾರಲ್ಲ, ಹಾಗೆ. ಒಂದು ಹೋಳಿನಲ್ಲಿ ಮೇಲಿನ ಅಂಚು ಮೂತಿ ಕಡೆಯದು, ಕೆಳಗಿನ ಅಂಚು ರೆಕ್ಕೆ ಕಡೆಯದು. ದೂರದೂರದ ಭಾಗಗಳು ಒಂದೇ ಹೋಳಿನಲ್ಲಿ ಸೇರುತ್ತವೆ. ಕೆಳಗಿನವನ ಕಿವಿಗೆ ಅವು ಒಟ್ಟಿಗೇ ಬರುತ್ತವೆ.

ಇಷ್ಟೇ ಆಗಿದ್ದರೆ ಸುಲಭ. ಎತ್ತುವ ಬಲವನ್ನೂ ದಪ್ಪದ ಲೆಕ್ಕಕ್ಕೇ ಸೇರಿಸಬೇಕು. ನಾನು ಒಂದು ಉದಾಹರಣೆ ಲೆಕ್ಕ ಹಾಕಿ ನೋಡಿದೆ. 150 ಟನ್ ತೂಕದ ಕಾನ್‌ಕಾರ್ಡ್ ಗಾತ್ರದ ವಿಮಾನ, 55,000 ಅಡಿ, ಮ್ಯಾಕ್ 2. ಅದರ ದೇಹವನ್ನು ಕೊಯ್ದರೆ ಏಳೆಂಟು ಚದರ ಮೀಟರ್. ಎತ್ತುವ ಬಲದಿಂದ ಕೂಡುವ ದಪ್ಪ ಸುಮಾರು 50 ಚದರ ಮೀಟರ್! ಅಂದರೆ ನೆಲದ ಮೇಲಿನವನಿಗೆ ಕೇಳಿಸುವುದು ತೆಳ್ಳಗಿನ ಬಿಳಿ ಹಕ್ಕಿ ಅಲ್ಲ, ಹೊಟ್ಟೆ ಉಬ್ಬಿದ ಹಡಗು. ಸದ್ದಿನ ನಿಜವಾದ ಮೂಲ ಆಕಾರಕ್ಕಿಂತ ತೂಕ.

ಈ ಲೆಕ್ಕದಿಂದ ಒಂದು ಸಣ್ಣ ಸೂತ್ರ ಬರುತ್ತದೆ. ಬೂಮಿನ ಬಲವನ್ನು ಮೊದಲ ಅಂದಾಜಿಗೆ ತೂಕವನ್ನು ಉದ್ದದ ಒಂದೂವರೆ ಘಾತದಿಂದ ಭಾಗಿಸಿ ನೋಡಬಹುದು. ತೂಕ ಅಷ್ಟೇ ಇಟ್ಟು ಉದ್ದ ಎರಡು ಪಟ್ಟು ಮಾಡಿದರೆ ಅದು ಸುಮಾರು 2.8 ಪಟ್ಟು ಇಳಿಯುತ್ತದೆ. ನಿನ್ನ ಚಿತ್ರಗಳಿಗೆಲ್ಲ ಉದ್ದ ಮೂತಿ ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಮುಗಿಲುಗಣ್ಣ:
ಅಣ್ಣಾ, ನಿಮ್ಮ ಮಾತು ಓದಿ ಮೆಸ್ಸಿನಿಂದ ಒಂದು ದಪ್ಪ ಮೂಲಂಗಿ ತಂದೆ. ರೆಕ್ಕೆಗೆ ಆಲೂಗಡ್ಡೆ ತೆಳ್ಳಗೆ ಹೆಚ್ಚಿ ಕಡ್ಡಿ ಚುಚ್ಚಿ ಸಿಕ್ಕಿಸಿದೆ. ಪ್ರೊಟ್ರಾಕ್ಟರ್ ಇಟ್ಟು 45 ಡಿಗ್ರಿಯಲ್ಲಿ ಒಂದೊಂದೇ ಹೋಳು ಕೊಯ್ದು ಗ್ರಾಫ್ ಹಾಳೆ ಮೇಲೆ ಅಂಚು ಬರೆದು ಚೌಕ ಎಣಿಸಿದೆ. ನೇರ ಕೊಯ್ದ ಇನ್ನೊಂದು ಮೂಲಂಗಿಯಲ್ಲಿ ರೆಕ್ಕೆ ಶುರುವಾಗುವ ಕಡೆ ಗೆರೆ ಒಮ್ಮೆಲೇ ಮೇಲೆ ಹಾರಿತ್ತು. ಓರೆ ಕೊಯ್ದದ್ದರಲ್ಲಿ ಅದೇ ಜಾಗ ಮೆತ್ತಗೆ ಏರಿತು. ಕೈಯಲ್ಲಿ ಮಾಡಿದಾಗ ತಲೆಗೆ ಹೋಯಿತು. ಪುಸ್ತಕದಲ್ಲಿ ನಾಲ್ಕು ಸಲ ಓದಿದರೂ ಹೋಗಿರಲಿಲ್ಲ.

ಒಂದು ಅನುಮಾನ. ಮೂತಿ ಎಷ್ಟು ಚೂಪಾದರೆ ಅಷ್ಟು ಒಳ್ಳೆಯದಾ?

ವಿಚಿಟಾ ಕನ್ನಡಿಗ:
ಅಲ್ಲ! ಇದೇ ಈ ವಿಷಯದ ಅತ್ಯಂತ ಸೊಗಸಾದ ಜಾಗ. ನನಗೆ ಇದನ್ನು ವಿವರಿಸುವುದೆಂದರೆ ಖುಷಿ.

ಸೂಜಿ ಮೂತಿಯಿಂದ ಹೊರಡುವ ಮೊದಲ ಅಲೆ ಮೆತ್ತಗಿರುತ್ತದೆ, ನಿಜ. ಆದರೆ ಹಿಂದೆ ದೇಹ ದಪ್ಪಗಾದಂತೆ ಗಟ್ಟಿ ಅಲೆಗಳು ಹುಟ್ಟುತ್ತವೆ. ಅವು ಮೆತ್ತಗಿನದನ್ನು ಹಿಡಿದೇ ಹಿಡಿಯುತ್ತವೆ. ನೆಲಕ್ಕೆ ಬರುವಾಗ ದೊಡ್ಡ ಗುಂಪು. ಮೂತಿ ಸ್ವಲ್ಪ ಮೊಂಡಾಗಿದ್ದರೆ ಗಟ್ಟಿ ಅಲೆ ಮೊದಲೇ ಹೊರಟು ಮುಂದೆ ಹೋಗುತ್ತದೆ. ಹಿಂದಿನವಕ್ಕೆ ಅದನ್ನು ಹಿಡಿಯಲು ಆಗುವುದಿಲ್ಲ. ಹಾಗಾಗಿ ಮೊಂಡು ಮೂತಿಗೆ ಬೂಮ್ ಕಮ್ಮಿ. ಆದರೆ ಗಾಳಿಯ ತಡೆ, ಅಂದರೆ ಡ್ರ್ಯಾಗ್, ಜಾಸ್ತಿ. ಡ್ರ್ಯಾಗ್ ಜಾಸ್ತಿಯಾದರೆ ಇಂಧನ ಜಾಸ್ತಿ. ಇಂಧನ ಜಾಸ್ತಿಯಾದರೆ ತೂಕ ಜಾಸ್ತಿ. ತೂಕ ಜಾಸ್ತಿಯಾದರೆ ಮತ್ತೆ ಬೂಮ್. ಸುತ್ತಿ ಬಂದು ಅಲ್ಲಿಗೇ ನಿಂತೆವು. 1979ರಲ್ಲಿ ಡಾರ್ಡೆನ್ ಇದಕ್ಕೆ ಮಧ್ಯದ ದಾರಿ ತೋರಿಸಿದರು. ಮೂತಿ ಎಷ್ಟು ಮೊಂಡಾಗಿರಬೇಕು ಅಂತ ನೀವೇ ತಿರುಗಿಸಬಲ್ಲ ಒಂದು ಕೀಲಿ ಲೆಕ್ಕದೊಳಗೆ ಇಟ್ಟರು. ಸ್ವಲ್ಪ ಬೂಮ್ ಬಿಟ್ಟುಕೊಟ್ಟರೆ ಎಷ್ಟು ಡ್ರ್ಯಾಗ್ ಉಳಿಯುತ್ತದೆ ಅಂತ ಕಣ್ಣೆದುರು ಕಾಣುತ್ತದೆ.

ಇದೆಲ್ಲ ಕಾಗದದ ಮೇಲೆ. ಆಕಾಶದಲ್ಲಿ ನಿಜವಾಗುತ್ತಾ? ಸಾವಿರಾರು ಅಡಿ ಗಾಳಿ ದಾಟಿದ ಮೇಲೂ ಆ ಆಕಾರ ಉಳಿಯುತ್ತಾ? ಮೂವತ್ತು ವರ್ಷ ಯಾರೂ ಹಾರಿಸಿ ನೋಡಿರಲಿಲ್ಲ. 2003ರ ಆಗಸ್ಟ್ 27ರಂದು ಒಂದು ಹಳೆಯ ಎಫ್-5ಇ ಫೈಟರಿಗೆ ನಾರ್ತ್ರಪ್ ಗ್ರಮ್ಮನ್‌ನವರು ಮೂತಿ ಮತ್ತು ಹೊಟ್ಟೆಯ ಆಕಾರ ಬದಲಿಸಿ ಹಾರಿಸಿದರು. ನೆಲದ ಮೈಕಿನಲ್ಲಿ ಎನ್ ಅಕ್ಷರದ ಚೂಪು ತುದಿ ಇರಲಿಲ್ಲ, ತಲೆ ಸಪಾಟಾಗಿತ್ತು. ಸದ್ದಿಗೆ ಆಕಾರ ಕೊಡಬಹುದು ಅನ್ನುವುದಕ್ಕೆ ಅವತ್ತು ಸಾಕ್ಷಿ ಸಿಕ್ಕಿತು.

ಗಾಳಿಸುರಂಗ:
ಅದು ಮುಂದಿನ ಅರ್ಧ ಮಾತ್ರ. ಹಿಂದಿನ ಅರ್ಧ ಉಳಿದೇ ಇತ್ತು. ಬಾಲದ ಕಡೆ ಎಂಜಿನ್ನಿನ ಬಿಸಿಗಾಳಿ, ರೆಕ್ಕೆಯ ಹಿಂದಂಚು, ಬಾಲದ ರೆಕ್ಕೆ, ಎಲ್ಲ ಒಂದೇ ಕಡೆ ಬಂದು ಬೀಳುತ್ತವೆ. ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾದವರು ಮುಂದೆ ಹಿಂದೆ ಎರಡನ್ನೂ ಸೇರಿಸಿ ಒಂದು ಪುಟ್ಟ ಎಂಜಿನ್ ಇಲ್ಲದ ವಿಮಾನ ಮಾಡಿದರು. ಸ್ವೀಡನ್ನಿನ ಎಸ್ರೇಂಜ್ ಉಡಾವಣಾ ನೆಲೆಯಲ್ಲಿ ಬಲೂನಿಗೆ ಕಟ್ಟಿ ಸುಮಾರು 30 ಕಿಲೋಮೀಟರ್ ಮೇಲಿಂದ ಬಿಟ್ಟರು. 2013ರಲ್ಲಿ ಹಿಡಿತ ತಪ್ಪಿತು. ಬಿಡಲಿಲ್ಲ. 2015ರ ಜುಲೈನಲ್ಲಿ ಗೆದ್ದರು.

ಶಬ್ದಮಾಪಕಿ:
ನಾನು ಶಬ್ದ ಅಳೆಯುವ ಕೆಲಸದವಳು, ಕಟ್ಟಡಗಳಿಗೆ. ಇಲ್ಲಿ ಎಲ್ಲರೂ ಒತ್ತಡದ ಗೆರೆ ಬಗ್ಗೆ ಮಾತಾಡುತ್ತಿದ್ದೀರಿ. ಮುಗಿಲುಗಣ್ಣನ ಅಜ್ಜಿ ಓಡಿಬಂದದ್ದು ಗೆರೆ ನೋಡಿ ಅಲ್ಲ. ತಟ್ಟೆ ಅಲುಗಾಡಿದ್ದಕ್ಕೆ. ಮನೆಯ ಹೊರಗೆ ನಿಂತವನಿಗೆ ಕೇಳಿಸುವ ಸದ್ದು ಬೇರೆ, ಒಳಗಿನವನಿಗೆ ಬೇರೆ. ಏರುದನಿಯ ಕೀಚಲು ಸ್ವರವನ್ನು ಗೋಡೆ ತಡೆಯುತ್ತದೆ. ತಗ್ಗಿನ ಸ್ವರ ಒಳಗೆ ಬಂದು ಕಿಟಕಿ ಗಾಜು, ಶೋಕೇಸು, ಪಾತ್ರೆಗಳನ್ನು ಅಲ್ಲಾಡಿಸುತ್ತದೆ. ಕಾಣದೆ, ಹೇಳದೆ ಮನೆ ನಡುಗಿದರೆ ಜನ ಹೆದರುತ್ತಾರೆ.

ಅಮೆರಿಕದಲ್ಲಿ ಇದನ್ನು ಕಷ್ಟಪಟ್ಟು ಕಲಿತರು. 1964ರಲ್ಲಿ ಒಕ್ಲಹೋಮಾ ಸಿಟಿ ಮೇಲೆ ಫೆಬ್ರವರಿಯಿಂದ ಜುಲೈವರೆಗೆ 1,253 ಸಲ ಬೂಮ್ ಮಾಡಿಸಿದರು, ಜನ ಸಹಿಸುತ್ತಾರಾ ಅಂತ ನೋಡಲು. ದಿನಕ್ಕೆ ಎಂಟು ಸಲ. ಕೊನೆಗೆ ಕೇಳಿದಾಗ 27 ಶೇಕಡಾ ಮಂದಿ ಇದರ ಜೊತೆ ಬದುಕಲು ಆಗುವುದಿಲ್ಲ ಅಂದರು. 1973ರಲ್ಲಿ ಅಲ್ಲಿನ ಭೂಭಾಗದ ಮೇಲೆ ಹಾರುವಾಗ ನಾಗರಿಕ ವಿಮಾನ ಶಬ್ದದ ವೇಗ ದಾಟಬಾರದು ಅಂತ ನಿಷೇಧ ಬಂತು. ಆ ಆರು ತಿಂಗಳಲ್ಲಿ ಅಲ್ಲಿ ಎಷ್ಟು ಮಕ್ಕಳು ಮಧ್ಯಾಹ್ನದ ನಿದ್ದೆಯಿಂದ ಬೆಚ್ಚಿ ಎದ್ದಿರಬೇಕು ಅಂತ ಯೋಚಿಸುತ್ತೇನೆ.

ಹಾಗಾಗಿ ಈಗ ಅಳೆಯುವ ಅಳತೆಯೇ ಬೇರೆ. ಬರೀ ಪಾಸ್ಕಲ್ ಅಲ್ಲ. ಕಿವಿಗೆ ಎಷ್ಟು ಜೋರಾಗಿ ಅನ್ನಿಸುತ್ತದೆ ಅನ್ನುವ ಡೆಸಿಬಲ್. ಅದರಲ್ಲಿ ಕಾನ್‌ಕಾರ್ಡ್ ಸುಮಾರು 105. ಈಗಿನ ಗುರಿ 75. ಇಪ್ಪತ್ತು ಅಡಿ ಆಚೆ ಯಾರೋ ಕಾರಿನ ಬಾಗಿಲು ಹಾಕಿದ ಹಾಗೆ ಅಂತ ನಾಸಾ ಹೇಳುತ್ತದೆ. 30 ಡೆಸಿಬಲ್ ಇಳಿಸುವುದು ನನ್ನ ವೃತ್ತಿಯಲ್ಲಿ ಸಣ್ಣ ಮಾತಲ್ಲ.

2018ರ ನವೆಂಬರಿನಲ್ಲಿ ಟೆಕ್ಸಸ್ಸಿನ ಗ್ಯಾಲ್ವೆಸ್ಟನ್ ಊರಿನಲ್ಲಿ ಇನ್ನೊಂದು ಪ್ರಯೋಗ ಆಯಿತು. ಅದು ನನಗೆ ಹಿಡಿಸಿತು. ಆಗ ಸದ್ದು ಕಮ್ಮಿಯ ವಿಮಾನ ಇರಲಿಲ್ಲ. ಎಫ್/ಎ-18 ಫೈಟರನ್ನು ಸಮುದ್ರದ ಮೇಲೆ ಎತ್ತರದಿಂದ ಧುಮುಕಿಸಿದರು. ಜೋರು ಸದ್ದು ನೀರಿನ ಮೇಲೆ ಬಿತ್ತು. ಊರಿಗೆ ಮೆತ್ತಗಿನ ದಬ್ ಮಾತ್ರ ಬಂತು. ಸುಮಾರು 500 ಮಂದಿ ಸ್ವಂತ ಇಷ್ಟದಿಂದ ಸೇರಿ, ಕೇಳಿಸಿತಾ, ಎಷ್ಟು ಕಿರಿಕಿರಿ ಆಯಿತು ಅಂತ ಬರೆದು ಕಳಿಸಿದರು. ಈ ಸಲ ಮೊದಲೇ ಒಪ್ಪಿಗೆ ಕೇಳಿ ಮಾಡಿದ್ದು. ಕೇಳುವ ಜನರನ್ನೇ ಅಳತೆಗೋಲು ಮಾಡಿಕೊಂಡದ್ದು ಸರಿಯಾದ ಕೆಲಸ.

ಸಮುದ್ರದಂಡೆ:
ಒಂದು ಮಾತು ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇದೆಲ್ಲ ಯಾರಿಗಾಗಿ? ಕಾನ್‌ಕಾರ್ಡ್ ನೂರು ಜನರನ್ನು ಕೂರಿಸಿಕೊಂಡು ಗಂಟೆಗೆ ಸುಮಾರು 20 ಟನ್ ಇಂಧನ ಸುಡುತ್ತಿತ್ತು. ಸದ್ದು ಕಮ್ಮಿಯಾದ ತಕ್ಷಣ ಹೊಗೆ ಕಮ್ಮಿ ಆಗುತ್ತದೆಯಾ? ಮಂಗಳೂರಿಂದ ಬೆಂಗಳೂರಿಗೆ ಘಾಟಿಯಲ್ಲಿ ರಾತ್ರಿಯಿಡೀ ಬಸ್ಸಿನಲ್ಲಿ ಬರುವ ನಮ್ಮಂಥವರಿಗೆ ಇದರಿಂದ ಏನು?

ಶಬ್ದಮಾಪಕಿ:
ಬೇಜಾರೇನಿಲ್ಲ. ಪ್ರಶ್ನೆ ಸರಿಯಾಗಿದೆ. ಸದ್ದು ಇಳಿದರೆ ಇಂಧನ ಇಳಿಯುವುದಿಲ್ಲ. ಮೇಲೆ ಮೊಂಡು ಮೂತಿಯ ಕಥೆ ನೋಡಿದಿರಲ್ಲ, ಕೆಲವು ಸಲ ಏರುತ್ತದೆ. ಇದನ್ನು ಮುಚ್ಚಿಡಬಾರದು. ಆದರೆ ಟಿಕೆಟ್ ಕೊಳ್ಳುವವರು ಕಮ್ಮಿ, ಸದ್ದು ಕೇಳುವವರು ಲಕ್ಷಾಂತರ. ಇಂಥ ವಿಮಾನ ಹೇಗಿದ್ದರೂ ಬರುತ್ತದೆ ಅಂತಾದರೆ, ಕೆಳಗಿರುವ ನಮ್ಮ ನಿಮ್ಮ ಮನೆಗೆ ಎಷ್ಟು ಸದ್ದು ಬರಬಹುದು ಅಂತ ಒಂದು ಮಿತಿ ಇರಲೇಬೇಕು. ಆ ಮಿತಿ ಇಡಲು ಈ ಕೆಲಸ ಬೇಕು. 2025ರ ಜೂನಿನಲ್ಲಿ ಅಮೆರಿಕದ ಅಧ್ಯಕ್ಷರು ಹಳೆಯ ನಿಷೇಧ ತೆಗೆಯಿರಿ ಅಂತ ಆದೇಶಕ್ಕೆ ಸಹಿ ಹಾಕಿದರು. ವೇಗದ ಮಿತಿ ಹೋಗಿ ಸದ್ದಿನ ಮಿತಿ ಬರಬೇಕಾದ ಹೊತ್ತು ಇದು.

ಗಾಳಿಸುರಂಗ:
ನಮ್ಮ ದೇಶಕ್ಕೂ ಒಮ್ಮೆ ಈ ಪ್ರಶ್ನೆ ಬಂದಿತ್ತು. 1977ರಲ್ಲಿ ಬ್ರಿಟಿಷ್ ಏರ್‌ವೇಸ್ ಮತ್ತು ಸಿಂಗಪುರ ಏರ್‌ಲೈನ್ಸ್ ಸೇರಿ ಲಂಡನ್, ಬಹರೇನ್, ಸಿಂಗಪುರ ದಾರಿಯಲ್ಲಿ ಕಾನ್‌ಕಾರ್ಡ್ ಹಾರಿಸಿದವು. ಮೂರು ಸಲ ಹೋಗಿ ಬರುವಷ್ಟರಲ್ಲಿ ಮಲೇಷ್ಯಾ ಸದ್ದಿನ ದೂರು ಹೇಳಿತು, ನಿಂತಿತು. 1979ರಲ್ಲಿ ಬೇರೆ ದಾರಿಯಲ್ಲಿ ಮತ್ತೆ ಶುರು. ಭಾರತದ ಮೇಲೆ ಶಬ್ದದ ವೇಗ ದಾಟಲು ಒಪ್ಪಿಗೆ ಸಿಗಲಿಲ್ಲ. ನಿಧಾನಕ್ಕೆ ಹೋದರೆ ಕಾನ್‌ಕಾರ್ಡಿಗೆ ಲೆಕ್ಕ ಕೂಡುವುದಿಲ್ಲ. 1980ರಲ್ಲಿ ಆ ದಾರಿ ಮುಚ್ಚಿತು.

ಹೊಸಕೋಟೆ ತೋಟ:
ಒಪ್ಪಿಗೆ ಕೊಡದೆ ಇದ್ದದ್ದೇ ಒಳ್ಳೆಯದಾಯಿತು. ಹಸು ಕರೆಯುವ ಹೊತ್ತಲ್ಲಿ ಢಮ್ ಅಂದರೆ ಚೊಂಬು ಒದೆಯುತ್ತದೆ.

ವಿಚಿಟಾ ಕನ್ನಡಿಗ:
ಆಕಾರದ ಗೊಡವೆಗೇ ಹೋಗದೆ ಇನ್ನೊಂದು ದಾರಿ ಇದೆ. ಅದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ನೆಲದ ಹತ್ತಿರ ಬೆಚ್ಚಗಿನ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 340 ಮೀಟರ್. 11 ಕಿಲೋಮೀಟರ್ ಮೇಲೆ ಚಳಿಯಲ್ಲಿ 295. ಮೇಲಿಂದ ಇಳಿಯುವ ಅಲೆ ಬೆಚ್ಚಗಿನ ಗಾಳಿಗೆ ಬಂದಂತೆ ಬಾಗುತ್ತಾ ಹೋಗುತ್ತದೆ. ವಿಮಾನದ ವೇಗ ನೆಲದ ಹತ್ತಿರದ ಶಬ್ದವೇಗಕ್ಕಿಂತ ಕಮ್ಮಿ ಇದ್ದರೆ ಅಲೆ ನೆಲ ಮುಟ್ಟುವ ಮೊದಲೇ ಮೇಲಕ್ಕೆ ತಿರುಗಿಬಿಡುತ್ತದೆ. 340ನ್ನು 295ರಿಂದ ಭಾಗಿಸಿದರೆ 1.15. ಗಾಳಿ ಅನುಕೂಲವಾಗಿದ್ದರೆ ಹೆಚ್ಚುಕಮ್ಮಿ ಅಲ್ಲಿಯವರೆಗೆ ಹೋಗಬಹುದು. ಬೂಮ್ ಸೂಪರ್‌ಸಾನಿಕ್ ಕಂಪನಿಯ ಎಕ್ಸ್‌ಬಿ-1 ಅನ್ನುವ ಪುಟ್ಟ ವಿಮಾನ 2025ರ ಜನವರಿ 28ರಂದು ಕ್ಯಾಲಿಫೋರ್ನಿಯಾದ ಮೊಹಾವಿಯಲ್ಲಿ ಮ್ಯಾಕ್ 1.12 ಮುಟ್ಟಿತು, ನೆಲಕ್ಕೆ ಬೂಮ್ ಕೇಳಿಸಲಿಲ್ಲ ಅಂತ ಕಂಪನಿ ಹೇಳಿತು. ನನ್ನ ಅಭಿಪ್ರಾಯ: ಜಾಣ ದಾರಿ, ಆದರೆ ಇಕ್ಕಟ್ಟಿನದು. ಈಗಿನ ಜೆಟ್‌ಗಳೇ ಮ್ಯಾಕ್ 0.85ರಲ್ಲಿ ಹೋಗುತ್ತವೆ. ಸಿಗುವ ಲಾಭ ಸ್ವಲ್ಪವೇ. ಹವಾಮಾನ ದಿನವೂ ಒಂದೇ ಥರ ಇರುವುದಿಲ್ಲ.

ಮುಗಿಲುಗಣ್ಣ:
ನಾಸಾದ ಸದ್ದು ಕಮ್ಮಿಯ ಪ್ರಯೋಗ ವಿಮಾನ ಎಕ್ಸ್-59 ಬಗ್ಗೆ ಹೇಳಿ ಅಣ್ಣ. ಗೋಡೆಯ ನಡುವೆ ಅದೇ ಇದೆ.

ವಿಚಿಟಾ ಕನ್ನಡಿಗ:
ಇಲ್ಲಿ ಬರೆದದ್ದೆಲ್ಲ ಅದರ ಮೈಮೇಲೆ ಓದಬಹುದು. ಉದ್ದ 30 ಮೀಟರ್ ಚಿಲ್ಲರೆ, ರೆಕ್ಕೆಯ ಅಗಲ ಬರೀ 9 ಮೀಟರ್. ಉದ್ದದಲ್ಲಿ ಮೂರನೇ ಒಂದು ಭಾಗ ಮೂತಿಯೇ. ಕೂರುವುದು ಒಬ್ಬ ಪೈಲಟ್. ಇದು ಪ್ರಯಾಣಿಕರ ವಿಮಾನ ಅಲ್ಲ. ಮುಂದೆ ಬರುವ ದೊಡ್ಡ ವಿಮಾನದ ಸದ್ದನ್ನು ಇವತ್ತೇ ಕೇಳಿಸುವ ವಿಮಾನ. ಕಾಕ್‌ಪಿಟ್ ಉಬ್ಬಿ ನಿಂತರೆ ಅಲ್ಲಿ ಒಂದು ಆಘಾತ ಅಲೆ. ಅದಕ್ಕೆ ಮುಂದಿನ ಗಾಜನ್ನೇ ತೆಗೆದರು. ಪೈಲಟ್ ಮುಂದೆ ನೋಡುವುದು ಕ್ಯಾಮೆರಾ ಮತ್ತು ಪರದೆ ಮೂಲಕ. ಎಂಜಿನ್ ಬೆನ್ನ ಮೇಲೆ, ಅದರ ಬಾಯಿಯ ಅಲೆ ಆಕಾಶಕ್ಕೆ ಹೋಗಲಿ ಅಂತ. ಹೊಟ್ಟೆ ಭಾಗ ನುಣುಪು. ಆದರೆ ಎಲ್ಲವನ್ನೂ ಹೊಸದಾಗಿ ಮಾಡಲಿಲ್ಲ. ಚಕ್ರಗಳ ಗೇರ್ ಎಫ್-16ನದು, ಮೇಲಿನ ಗಾಜಿನ ಮುಚ್ಚಳ ಟಿ-38ರದು. ಹೊಸತನ ಎಲ್ಲ ಆಕಾರಕ್ಕೇ ಮೀಸಲು.

2024ರ ಜನವರಿ 12ರಂದು ಕ್ಯಾಲಿಫೋರ್ನಿಯಾದ ಪಾಮ್‌ಡೇಲಿನಲ್ಲಿ ಲಾಕ್‌ಹೀಡ್ ಮಾರ್ಟಿನ್ ಅದನ್ನು ಹೊರಗೆ ತಂದಿತು. 2025ರ ಅಕ್ಟೋಬರ್ 28ರಂದು ಮೊದಲ ಸಲ ಹಾರಿತು. ಗುರಿ 55,000 ಅಡಿ ಮೇಲೆ ಮ್ಯಾಕ್ 1.4. ಅದರ ಎಂಜಿನ್ ಜಿಇ ಎಫ್414. ಬೆಂಗಳೂರಿನವರಿಗೆ ಈ ಹೆಸರು ಹೊಸದಲ್ಲ. ತೇಜಸ್ ಮಾರ್ಕ್-2ಕ್ಕೆ ಆರಿಸಿರುವುದು ಇದೇ ಕುಟುಂಬದ ಎಂಜಿನ್.

ಗಾಳಿಸುರಂಗ:
ಈಗ ನಿನ್ನ ಗೋಡೆಗೆ ಬರೋಣ. ಒಂದು ಪೆನ್ಸಿಲ್ ತಗೊ. ಒಂದೊಂದು ಚಿತ್ರದ ಮುಂದೆ ನಿಂತು ಮೊದಲು ತೂಕ ಮತ್ತು ಉದ್ದ ಬರಿ. ಸೂತ್ರಕ್ಕೆ ಹಾಕು. ಅಲ್ಲೇ ಅರ್ಧ ಬಿದ್ದುಹೋಗುತ್ತವೆ.

ಉಳಿದವನ್ನು ಬಾಲದಿಂದ ನೋಡು. ಶಬ್ದದ ವೇಗ ದಾಟಿದಾಗ ಎತ್ತುವ ಬಲದ ಕೇಂದ್ರ ಹಿಂದೆ ಸರಿಯುತ್ತದೆ. ಮೂತಿ ಕೆಳಗೆ ಬಾಗುತ್ತದೆ. ಕಾನ್‌ಕಾರ್ಡಿನಲ್ಲಿ ಇಂಧನವನ್ನು ಹಿಂದಿನ ಟ್ಯಾಂಕಿಗೆ ಪಂಪ್ ಮಾಡಿ ಸರಿದೂಗಿಸುತ್ತಿದ್ದರು. ಬಾಲದ ರೆಕ್ಕೆ ತಿರುಗಿಸಿ ಸರಿಮಾಡಿದರೆ ಅಲ್ಲಿ ಹೊಸ ಬಲ ಹುಟ್ಟುತ್ತದೆ, ನೀನು ಕಷ್ಟಪಟ್ಟು ಜೋಡಿಸಿದ ದಪ್ಪದ ಗೆರೆ ಕೆಡುತ್ತದೆ. ಚಂದದ ಚಿತ್ರಗಳು ಜಾಸ್ತಿ ಸಾಯುವುದು ಇಲ್ಲೇ. ನಾವು ಟನಲ್‌ನಲ್ಲಿ ಮಾದರಿ ಇಟ್ಟಾಗಲೂ ಬಾಲದ ಕೋನ ಅರ್ಧ ಡಿಗ್ರಿ ಬದಲಿಸಿ ಷ್ಲೀರನ್ ಚಿತ್ರದಲ್ಲಿ (ಗಾಳಿಯ ದಟ್ಟಣೆಯ ಬದಲಾವಣೆಯನ್ನು ಬೆಳಕಿನಿಂದ ಕಾಣಿಸುವ ಚಿತ್ರ) ಅಲೆಗಳ ಕಪ್ಪು ಗೆರೆ ಸರಿಯುವುದನ್ನು ಕಣ್ಣಾರೆ ನೋಡುತ್ತಿದ್ದೆವು. ಅರ್ಧ ಡಿಗ್ರಿ!

ಆಮೇಲೆ ಇಳಿಯುವಾಗಿನ ವೇಗ. ತೆಳ್ಳಗಿನ ಪುಟ್ಟ ರೆಕ್ಕೆ ನಿಧಾನ ವೇಗದಲ್ಲಿ ವಿಮಾನವನ್ನು ಎತ್ತಿ ಹಿಡಿಯುವುದಿಲ್ಲ. ಉದ್ದ ದೇಹ ಮೂತಿ ಎತ್ತಿದರೆ ಬಾಲ ರನ್‌ವೇಗೆ ಉಜ್ಜುತ್ತದೆ. ತೆಳ್ಳಗಿನ ಉದ್ದ ದೇಹ ಗಾಳಿಯಲ್ಲಿ ಬಾಗುತ್ತದೆ, ಬಾಗಿದರೆ ಆಕಾರ ಬದಲು, ಸದ್ದೂ ಬದಲು.

ರೆಕ್ಕೆ ಮೇಲೆ ರೆಕ್ಕೆ ಇದೆ ಅಂದೆಯಲ್ಲ, ಅದು 1930ರ ದಶಕದ ಬುಸೆಮನ್ ವಿಚಾರ. ಎರಡು ರೆಕ್ಕೆಗಳ ನಡುವೆ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಅಂದವಾದ ವಿಚಾರ. ಆದರೆ ಅಳಿಸಿಹೋಗುವುದು ಗೊತ್ತುಮಾಡಿದ ಒಂದು ವೇಗದಲ್ಲಿ. ಅದಕ್ಕಿಂತ ಕಮ್ಮಿ ವೇಗದಲ್ಲಿ ನಡುವಿನ ಗಾಳಿ ಉಸಿರುಕಟ್ಟಿ ಡ್ರ್ಯಾಗ್ ವಿಪರೀತ ಏರುತ್ತದೆ. ಆ ಚಿತ್ರ ಗೋಡೆ ಮೇಲೆ ಇರಲಿ, ಪ್ರಾಜೆಕ್ಟಿಗೆ ಬೇಡ.

ಮುಗಿಲುಗಣ್ಣ:
ಸರ್, ನಾಲ್ಕು ದಿನ ಕೂತು ನೀವು ಹೇಳಿದ ಹಾಗೆ ಮಾಡಿದೆ. ನಲವತ್ತರಲ್ಲಿ ಹನ್ನೊಂದಕ್ಕೆ ಮಾತ್ರ ತೂಕ, ಉದ್ದ ಎರಡೂ ಸಿಕ್ಕವು. ಉಳಿದವನ್ನು ಗೋಡೆಯಿಂದ ಇಳಿಸಿದೆ. ಹನ್ನೊಂದರಲ್ಲಿ ಮೂರು ಉಳಿದಿವೆ. ಮೂರಕ್ಕೂ ಎಂಜಿನ್ ಮೇಲೆ, ರೆಕ್ಕೆ ಮುಂದಿನಿಂದಲೇ ಮೆತ್ತಗೆ ಶುರುವಾಗಿ ಹಿಂದಿನವರೆಗೆ ಹರಡಿದೆ. ನನ್ನದಕ್ಕೆ 50 ಟನ್, ಮ್ಯಾಕ್ 1.6, 50,000 ಅಡಿ ಅಂತ ಹಿಡಿದು ಅಣ್ಣ ಹೇಳಿದ ಲೆಕ್ಕ ಹಾಕಿದೆ. ಎತ್ತುವ ಬಲದ ದಪ್ಪವೇ ಸುಮಾರು 15 ಚದರ ಮೀಟರ್ ಬಂತು. ದೇಹದ್ದು ನಾಲ್ಕೂ ಇಲ್ಲ. ನೋಡಿ ಒಂದು ಕ್ಷಣ ಸುಮ್ನೆ ಕೂತೆ.

ಅಜ್ಜಿಗೆ ಫೋನ್ ಮಾಡಿ ಹೇಳಿದೆ, ತಟ್ಟೆ ಅಲುಗಾಡದ ವಿಮಾನ ಮಾಡುತ್ತಿದ್ದೇನೆ ಅಂತ. ಅವರು ಕೇಳಿದ್ದು ಒಂದೇ: ರಾತ್ರಿ ಹೊತ್ತೂ ಹಾರುತ್ತಾ?

ಶಬ್ದಮಾಪಕಿ:
ಅಜ್ಜಿ ಸರಿಯಾದ ಪ್ರಶ್ನೆ ಕೇಳಿದ್ದಾರೆ. ರಾತ್ರಿ ಊರೇ ನಿಶ್ಶಬ್ದವಾಗಿರುತ್ತದೆ. ಹಗಲಲ್ಲಿ ಟ್ರಾಫಿಕ್ಕಿನಲ್ಲಿ ಮುಚ್ಚಿಹೋಗುವ 75 ರಾತ್ರಿ ಎರಡು ಗಂಟೆಗೆ ಮುಚ್ಚಿಹೋಗುವುದಿಲ್ಲ. ನಿನ್ನ ವರದಿಯಲ್ಲಿ ಇದಕ್ಕೊಂದು ಪುಟ ಕೊಡು.

ಗಾಳಿಸುರಂಗ:
ಆ 50 ಟನ್ ಟೇಕಾಫಿನದಾ, ಅರ್ಧ ಇಂಧನ ಸುಟ್ಟ ಮೇಲಿನದಾ? ಎರಡಕ್ಕೂ ಬೇರೆಬೇರೆ ಗೆರೆ ಬರುತ್ತದೆ. ಎರಡನ್ನೂ ಹಾಕಿ ಇಲ್ಲಿ ಕಳಿಸು, ನೋಡೋಣ.